ಸೈಡ್ ವೀಲಿನ ಮರ್ಯಾದೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಜಾವಾ, 1973ರಿಂದ ಯೆಜ್ಡಿ ಬೈಕುಗಳನ್ನು ಹೊರತಂದು 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಗಳಲ್ಲಿ ಆಫೀಸಿಗೆ ಹೋಗಿಬಂದ ತಲೆಮಾರು ಈಗ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಎಪ್ಪತ್ತರ ಆಸುಪಾಸಿನಲ್ಲಿದೆ. ಆ ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಎಡಗಾಲಲ್ಲಿ ಒದ್ದು ಸ್ಟಾರ್ಟ್ ಮಾಡಿ, ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕಿದ ಆ ಕಾಲಿನ ಮಂಡಿಗೆ ಇವತ್ತು ಮೆಟ್ಟಿಲಿಳಿಯುವುದೇ ಕಷ್ಟ. ಹೀಗಾಗಿ ಯೆಜ್ಡಿ ಬಿಟ್ಟು ಆಕ್ಟಿವಾ, ಆಕ್ಟಿವಾದ ಹಿಂದಿನ ಚಕ್ರದ ಎರಡೂ ಬದಿಗೆ ಸೈಡ್ ವೀಲ್ ಎಂಬ ದಾರಿಯನ್ನು ಕೆಲವರು ಹಿಡಿದಿದ್ದಾರೆ. ಹೆಚ್ಚಿನವರು ಹಿಡಿದಿಲ್ಲ. ಈ ದಾರಿ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ ಎಂದು ಸಮಾಧಾನವಾಗಿ ತೂಗಿ ನೋಡಬೇಕಾದ ಕಾಲ ಬಂದಿದೆ.

ಸೈಡ್ ವೀಲ್ ಬಿಡಿಸುವುದು ಯಾವ ಕಷ್ಟವನ್ನು? ಓಡುವ ದ್ವಿಚಕ್ರ ತನ್ನ ವೇಗದಿಂದಲೇ ನೆಟ್ಟಗೆ ನಿಲ್ಲುತ್ತದೆ, ಅಲ್ಲಿ ವಯಸ್ಸಾದವರಿಗೂ ಹರೆಯದವರಿಗೂ ಅಂಥ ವ್ಯತ್ಯಾಸವಿಲ್ಲ. ಗಾಡಿ ನಿಂತಾಗ ಮಾತ್ರ ನೂರು ಕಿಲೋ ದಾಟುವ ಭಾರವನ್ನು ಒಂದು ಕಾಲು ಹೊರಬೇಕು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಪಕ್ಕದಲ್ಲಿ ಗಾಡಿ ನಿಲ್ಲಿಸುವುದನ್ನೇ ನೋಡಿ. ರಸ್ತೆ ಚರಂಡಿಯ ಕಡೆಗೆ ಇಳಿಜಾರು. ಮೇ ತಿಂಗಳ ಮಳೆಗೆ ನೆಂದ ಗುಲ್‌ಮೊಹರ್ ಎಸಳು ಅಲ್ಲೆಲ್ಲ ಹರಡಿದೆ. ಹ್ಯಾಂಡಲ್ಲಿಗೆ ತರಕಾರಿ ಚೀಲ ತೂಗುಹಾಕಿದೆ. ಎಡಗಾಲು ಊರಿದ ಜಾಗದಲ್ಲಿ ಅಂಗಾಲು ಒಂದಿಷ್ಟು ಜಾರಿದರೆ ಸಾಕು, ಗಾಡಿ ವಾಲತೊಡಗುತ್ತದೆ. ಮೂವತ್ತರಲ್ಲಿ ತೊಡೆಯ ಬಲದಿಂದ ತಡೆಯುತ್ತಿದ್ದ ವಾಲು ಅದು, ಎಪ್ಪತ್ತರಲ್ಲಿ ಸೊಂಟದ ಮೂಳೆಗೇ ಬರುತ್ತದೆ. ಸಿಗ್ನಲ್‌ನಲ್ಲಿ, ಗೇಟಿನ ಇಳಿಜಾರಿನಲ್ಲಿ, ಸೆಂಟರ್ ಸ್ಟ್ಯಾಂಡ್ ಹಾಕುವಾಗ, ಯೂ-ಟರ್ನ್‌ನ ನಡುವೆ, ಎಲ್ಲೆಡೆ ಇದೇ ಅಪಾಯ. ಸೈಡ್ ವೀಲ್ ಈ ಅಪಾಯವನ್ನು ಬಹುಪಾಲು ತೆಗೆದುಹಾಕುತ್ತದೆ. ಕಾಲು ಕೆಳಗಿಡುವ ಪ್ರಶ್ನೆಯೇ ಇಲ್ಲ. ಸೈಡ್ ವೀಲ್‌ಗೆ ಇಷ್ಟು ದೊಡ್ಡ ಗುಣವಿದೆಯೆಂದು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಇದರ ಮೊದಲ ದೋಷ ತಿರುವಿನಲ್ಲಿ ಕಾಣಿಸುತ್ತದೆ. ಬೈಕು ಓಡಿಸಿ ಪಳಗಿದ ಕೈ ವೇಗದಲ್ಲಿ ಎಡಕ್ಕೆ ತಿರುಗುವಾಗ ಎಡ ಹಿಡಿಯನ್ನು ತನಗರಿವಿಲ್ಲದೆಯೇ ತುಸು ಮುಂದಕ್ಕೆ ಒತ್ತುತ್ತದೆ. ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ಹೊರಳುತ್ತದೆ. ಸೈಡ್ ವೀಲ್ ಇರುವ ಗಾಡಿ ವಾಲುವುದಿಲ್ಲ. ಅಲ್ಲಿ ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಗಾಡಿ ನೇರ ಬಲಕ್ಕೆ ಹೋಗುತ್ತದೆ. ನಲವತ್ತು ವರ್ಷ ಕಾಪಾಡಿದ ಅಭ್ಯಾಸವೇ ಇಲ್ಲಿ ಎದುರು ನಿಲ್ಲುತ್ತದೆ. ಜತೆಗೆ ತಿರುವಿನಲ್ಲಿ ಮೈಯನ್ನು ಹೊರಕ್ಕೆ ಎಳೆದಂತಾಗುತ್ತದೆ, ಭಾರವೆಲ್ಲ ಹೊರಬದಿಯ ಚಕ್ರಕ್ಕೆ ಬೀಳುತ್ತದೆ, ವೇಗ ಜಾಸ್ತಿಯಾದರೆ ಒಳಬದಿಯ ಚಕ್ರ ಮೇಲೇಳುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮೈಯನ್ನು ಒಳಬದಿಗೆ ಬಾಗಿಸಿ, ಹ್ಯಾಂಡಲನ್ನು ತಿರುಗಬೇಕಾದ ಕಡೆಗೇ ತಿರುಗಿಸುವುದನ್ನು ಹೊಸದಾಗಿ ಕಲಿಯಬೇಕು. ಸೈಡ್ ವೀಲ್ ಹಾಕಿದ ಗಾಡಿ ಹಳೆಯ ಗಾಡಿಯಲ್ಲ, ಬೇರೆಯದೇ ವಾಹನ. ಗ್ಯಾರೇಜಿನಿಂದ ಹೊರಬಂದ ಕೂಡಲೇ ಬನ್ನೇರುಘಟ್ಟ ರಸ್ತೆಗೆ ಇಳಿಯುವವರು ಇದನ್ನು ಮರೆಯುತ್ತಾರೆ.

ಎರಡನೆಯ ದೋಷ ರಸ್ತೆಗೂ ಚಕ್ರಕ್ಕೂ ಇರುವ ಸಂಬಂಧದ್ದು. ಬೈಕಿಗೆ ಒಂದೇ ಜಾಡು. ಗುಂಡಿಯ ಪಕ್ಕದ ಒಂದು ಗೇಣು ಜಾಗ ಸಾಕು. ಇಲ್ಲಿ ನಡುವಿನ ಜಾಡಿನ ಜತೆಗೆ ಇಕ್ಕೆಲಗಳಲ್ಲಿ ಇನ್ನೆರಡು ಜಾಡು. ಮುಂದಿನ ಚಕ್ರ ತಪ್ಪಿಸಿಕೊಂಡ ಗುಂಡಿಗೆ ಪಕ್ಕದ ಚಕ್ರ ಇಳಿಯುತ್ತದೆ. ಎರಡೂ ಪಕ್ಕದ ಚಕ್ರಗಳು ದಿಣ್ಣೆಯ ಮೇಲೆ ನಿಂತು ನಡುವೆ ತಗ್ಗಿದ್ದರೆ ಎಂಜಿನ್ ತಿರುಗಿಸುವ ಹಿಂದಿನ ಚಕ್ರಕ್ಕೆ ನೆಲದ ಹಿಡಿತವೇ ತಪ್ಪಬಹುದು. ಹಲವು ಕಿಟ್‌ಗಳಲ್ಲಿ ಪಕ್ಕದ ಚಕ್ರಗಳಿಗೆ ಬ್ರೇಕ್ ಇರುವುದಿಲ್ಲ. ಹಿಂಬದಿಯ ಭಾರವನ್ನು ಅವು ಹಂಚಿಕೊಂಡಷ್ಟೂ ಬ್ರೇಕ್ ಇರುವ ಚಕ್ರದ ಹಿಡಿತ ಕಡಿಮೆ. ಆದ್ದರಿಂದ ಸಸ್ಪೆನ್ಷನ್ ಇಲ್ಲದ, ಚೌಕಟ್ಟಿಗೆ ನೇರ ವೆಲ್ಡ್ ಮಾಡಿದ ಅಗ್ಗದ ಕೆಲಸವನ್ನು ನಾನು ಖಂಡಿತ ಒಪ್ಪುವುದಿಲ್ಲ.

ಇದಕ್ಕಿಂತ ಒಳ್ಳೆಯ ಯಂತ್ರ ಲೋಕದಲ್ಲಿ ಇಲ್ಲದೆ ಇಲ್ಲ. ಇಟಲಿಯ ಪಿಯಾಜಿಯೋ 2006ರಲ್ಲಿ ತಂದ ಎಂಪಿ3 ಸ್ಕೂಟರಿಗೆ ಮುಂದೆ ಎರಡು ಚಕ್ರ. ಓಡುವಾಗ ಬೈಕಿನಂತೆ ವಾಲುತ್ತದೆ, ನಿಲ್ಲುವಾಗ ಮುಂಭಾಗವನ್ನು ಲಾಕ್ ಮಾಡಿದರೆ ಕಾಲೂರದೆಯೇ ನಿಲ್ಲುತ್ತದೆ. ಯಮಹಾ 2018ರಲ್ಲಿ ವಾಲುವ ಮೂರು ಚಕ್ರದ ನಿಕೆನ್ ಮಾಡಿತು. ಹಾರ್ಲೆ-ಡೇವಿಡ್‌ಸನ್ 2009ರ ಮಾದರಿಯಾಗಿ ಮೂರು ಚಕ್ರದ ಟ್ರೈ ಗ್ಲೈಡ್ ತಂದಿತು. ಹೊರದೇಶಗಳಲ್ಲಿ ಕಾರ್ಖಾನೆ ಮಾಡುವ ಕೆಲಸವನ್ನು ನಮ್ಮಲ್ಲಿ ಗ್ಯಾರೇಜಿನ ಮೇಸ್ತ್ರಿಗೆ ಬಿಟ್ಟಿದ್ದೇವೆ. ಬೆಂಗಳೂರಿನ ಮಗ್ಗುಲಲ್ಲೇ, ಹೊಸೂರಿನಲ್ಲಿ ಟಿವಿಎಸ್ ಮತ್ತು ನರಸಾಪುರದಲ್ಲಿ ಹೋಂಡಾ ಲಕ್ಷಗಟ್ಟಲೆ ಸ್ಕೂಟರ್ ತಯಾರಿಸುತ್ತವೆ. ಹಿರಿಯರಿಗಾಗಿ ಕಾರ್ಖಾನೆಯಲ್ಲೇ ಪರೀಕ್ಷಿಸಿದ, ಮೂರು ಚಕ್ರಕ್ಕೂ ಬ್ರೇಕ್ ಇರುವ, ರಿವರ್ಸ್ ಇರುವ ಸ್ಕೂಟರನ್ನು ಕೇಳುವ ಹಕ್ಕು ನಮಗಿದೆ.

ಕಾನೂನಿನಲ್ಲೂ ಒಂದು ಕೊರತೆಯಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಮಾರ್ಪಡಿಸಿದ ವಾಹನಕ್ಕೆ ಜಾಗ ಕೊಟ್ಟಿತು, ಆದರೆ ದೈಹಿಕ ಊನ ಅಥವಾ ಅಂಗವೈಕಲ್ಯ ಇರುವವರ ಬಳಕೆಗಾಗಿ ಮಾತ್ರ. ಎಪ್ಪತ್ತು ವರ್ಷದ ಸವೆದ ಮಂಡಿ ಈ ವ್ಯಾಖ್ಯೆಯೊಳಗೆ ಸಲೀಸಾಗಿ ಕೂರುವುದಿಲ್ಲ. ಡಿಎಲ್ ಕೊಡುವಾಗ ಅದೇ ಕಾನೂನು ವಯಸ್ಸನ್ನು ಗಮನಿಸುತ್ತದೆ: ಐವತ್ತೈದು ದಾಟಿದವರಿಗೆ ಐದೈದು ವರ್ಷದ ಲೈಸೆನ್ಸ್. ದೇಹ ಮುದಿಯಾಗುವುದನ್ನು ಬಲ್ಲ ಕಾನೂನು ಅದಕ್ಕೆ ಹೊಂದುವ ವಾಹನಕ್ಕೂ ಸರಳವಾದ ಬಾಗಿಲು ತೆರೆಯಬೇಕು. ಅಲ್ಲಿಯವರೆಗೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿ, ವಿಮಾ ಕಂಪನಿಗೂ ತಿಳಿಸಿಯೇ ಗಾಡಿ ಇಳಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮೆ ಕೈಕೊಡಬಹುದು.

ಇಷ್ಟೆಲ್ಲ ಸರಿಹೋದರೂ ಹಿರಿಯರು ಹಿಂಜರಿಯುವುದು ಬೇರೆ ಕಾರಣಕ್ಕೆ. ‘ಅದು ಅಂಗವಿಕಲರ ಗಾಡಿ ಕಣಪ್ಪ, ನಂಗ್ಯಾಕೆ’ ಎಂಬ ಮಾತು ಪಾರ್ಕಿನ ಬೆಂಚುಗಳಲ್ಲಿ ಕೇಳುತ್ತಲೇ ಇರುತ್ತದೆ. ಈ ಮಾತು ನನಗೆ ನೋವು ತರುತ್ತದೆ. ಪೋಲಿಯೋದಿಂದ ಕಾಲು ಸೋತ ಸಾವಿರಾರು ಜನ ಈ ನಗರದ ಟ್ರಾಫಿಕ್ಕಿನಲ್ಲಿ ಸೈಡ್ ವೀಲ್ ಓಡಿಸಿ ಅಂಗಡಿ ನಡೆಸಿದ್ದಾರೆ, ಕೆಲಸಕ್ಕೆ ಹೋಗಿದ್ದಾರೆ, ಮಕ್ಕಳನ್ನು ಶಾಲೆಗೆ ಬಿಟ್ಟಿದ್ದಾರೆ. ಈ ವಾಹನವನ್ನು ಹೇಗೆ ಓಡಿಸಬೇಕೆಂದು ಬಲ್ಲವರು ಅವರೇ. ಅವರ ಗಾಡಿಯಲ್ಲಿ ಕೂರುವುದು ಅವಮಾನ ಎಂದುಕೊಳ್ಳುವುದು ಅವರಿಗೆ ಮಾಡುವ ಅವಮಾನ. ಪರಿಚಯದವರೊಬ್ಬರಿದ್ದರೆ ಕೇಳಿ ಕಲಿಯುವುದು ಜಾಣತನ.

ಮಕ್ಕಳ ಪಾಲೂ ಇದರಲ್ಲಿದೆ. ‘ಅಪ್ಪಾ, ಗಾಡಿ ಸಾಕು, ಆಟೋ ಬುಕ್ ಮಾಡ್ತೀನಿ’ ಎನ್ನುವುದು ಕಾಳಜಿಯೇ. ಆದರೆ ಹಾಲಿಗೆ, ಔಷಧಿಗೆ, ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ ಪ್ರತಿಸಲವೂ ಇನ್ನೊಬ್ಬರ ಮೊಬೈಲಿನ ಕೃಪೆ ಬೇಕಾದ ಮನುಷ್ಯ ಮೆಲ್ಲಮೆಲ್ಲನೆ ಹೊರಗೆ ಹೋಗುವುದನ್ನೇ ಬಿಡುತ್ತಾನೆ. ಮನೆಯೊಳಗೆ ಕೂತ ಮಂಡಿ ಇನ್ನಷ್ಟು ಬಿಗಿಯುತ್ತದೆ.

ಹಾಗಾದರೆ ನನ್ನ ತೀರ್ಮಾನ: ಸೈಡ್ ವೀಲ್ ಒಳ್ಳೆಯದು, ಆದರೆ ಎಲ್ಲ ರಸ್ತೆಗೂ ಅಲ್ಲ, ಎಲ್ಲ ದೇಹಕ್ಕೂ ಅಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಬ್ಲಾಕುಗಳ ಅಗಲವಾದ ಒಳರಸ್ತೆಗಳು ಈ ಗಾಡಿಗೆ ಹೇಳಿಮಾಡಿಸಿದಂತಿವೆ. ಜೆ.ಪಿ. ನಗರದ ಒಳಗಿನ ಕ್ರಾಸುಗಳೂ ಪರವಾಗಿಲ್ಲ. ಬಿಟಿಎಂನ ಇಕ್ಕಟ್ಟು, ಸಿಲ್ಕ್ ಬೋರ್ಡ್ ಕಡೆಗಿನ ವರ್ತುಲ ರಸ್ತೆ, ಕನಕಪುರ ರಸ್ತೆಯ ವೇಗ ಇದಕ್ಕೆ ತಕ್ಕುದಲ್ಲ. ದೂರದ ದಾರಿಗೆ 2017ರಲ್ಲಿ ಯಲಚೇನಹಳ್ಳಿಯವರೆಗೆ ಬಂದ ಮೆಟ್ರೊದ ಹಸಿರು ಮಾರ್ಗವಿದೆ, 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಹೊರಡುವ ಹಳದಿ ಮಾರ್ಗವೂ ಇದೆ. ಮನೆಯಿಂದ ನಿಲ್ದಾಣಕ್ಕೆ ಸೈಡ್ ವೀಲ್, ಅಲ್ಲಿಂದ ಮುಂದೆ ರೈಲು. ಕಣ್ಣು ಮಂಜಾದವರಿಗೆ, ಎದುರಿನ ವಾಹನ ಕಂಡು ಬ್ರೇಕ್ ಹಿಡಿಯಲು ತಡವಾಗುವವರಿಗೆ ಎಷ್ಟು ಚಕ್ರ ಸೇರಿಸಿದರೂ ಪ್ರಯೋಜನವಿಲ್ಲ. ಅವರು ಗಾಡಿ ಬಿಡಲೇಬೇಕು.

ಉಳಿದವರು ಒಮ್ಮೆ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡ ಮೇಲೆ ಈ ಗಾಡಿಗೆ ಬರುವುದು ಬೇಡ. ಕಲಿಯುವ ಚೈತನ್ಯ ಮೈಯಲ್ಲಿ ಉಳಿದಿರುವಾಗಲೇ, ಅರವತ್ತರ ಹೊಸ್ತಿಲಲ್ಲೇ ಬರಲಿ. ಮಕ್ಕಳು ಅಪ್ಪನ ಗಾಡಿಯ ಕೀ ಬಚ್ಚಿಡುವ ಬದಲು ಅಪ್ಪನನ್ನು ಒಳ್ಳೆಯ ಗ್ಯಾರೇಜಿಗೂ ಆರ್‌ಟಿಒಗೂ ಜತೆಯಲ್ಲಿ ಕರೆದೊಯ್ಯಲಿ. ಭಾನುವಾರದ ಬೆಳಗ್ಗೆ ಖಾಲಿ ರಸ್ತೆಯಲ್ಲಿ ತಿರುವು ಕಲಿಯುವಾಗ ಪಕ್ಕದಲ್ಲಿ ನಿಲ್ಲಲಿ. ಹಿರಿಯರ ಓಡಾಟ ಉಳಿಸುವುದಕ್ಕೆ ಇವತ್ತು ನಮ್ಮ ಕೈಯಲ್ಲಿರುವ ಉಪಾಯಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ನನಗೆ ಕಾಣುತ್ತಿಲ್ಲ.