ಗಣಕಯಂತ್ರದ ಸಾಕ್ಷ್ಯ: ಒಂದು ವಿಮರ್ಶೆ

ದಾಖಲೆಯೊಂದು ಕೈಸೇರಿದಾಗ ಇತಿಹಾಸಕಾರನು ಕೇಳತಕ್ಕ ಮೊದಲ ಪ್ರಶ್ನೆ, ಅದಕ್ಕೆ ಸಾಕ್ಷಿ ಯಾರು ಎಂಬುದು. ಶಾಸನಕ್ಕೆ ಶಿಲೆಯೇ ಸಾಕ್ಷಿ. ದಫ್ತರದ ಕಾಗದಕ್ಕೆ ಬರೆದವನ ರುಜುವೇ ಸಾಕ್ಷಿ. 'ಭೂಮಿ' ಯೋಜನೆಯ ಮೂಲಕ ಕೈಬರಹದ ಪಹಣಿಗಳು ೨೦೦೦ದ ದಶಕದ ಆರಂಭದಲ್ಲಿ ಗಣಕಯಂತ್ರವನ್ನು ಸೇರಿದ ಮೇಲೆ, ಧಾರವಾಡ ತಾಲೂಕಿನ ರೈತನ ಹೊಲಕ್ಕೂ ಯಂತ್ರವೇ ಸಾಕ್ಷಿಯಾಗಿದೆ. ಆದಕಾರಣ ವಿದ್ಯುತ್ತು ಕಡಿದಾಗ ಕಾರ್ಯಾಚರಣ ವ್ಯವಸ್ಥೆಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ನಮ್ಮ ಶಾಸ್ತ್ರಕ್ಕೂ ಸಂಬಂಧಿಸಿದ ಪ್ರಶ್ನೆಯೇ ಸರಿ.

'ಬರೆಯಲಾಯಿತು' ಎಂಬ ಯಂತ್ರದ ಮಾತಿಗೆ ಮೂರು ಅರ್ಥಗಳುಂಟು. ಬರಹವು ಗಣಕದ ಸ್ಮೃತಿಯಲ್ಲಿರಬಹುದು. ಡಿಸ್ಕಿನೊಳಗಿನ ತಾತ್ಕಾಲಿಕ ಸ್ಮೃತಿಯಲ್ಲಿರಬಹುದು. ಇಲ್ಲವೆ ಸ್ಥಿರ ಮಾಧ್ಯಮದಲ್ಲಿಯೇ ನೆಲೆನಿಂತಿರಬಹುದು. ಧಾರಕಗಳ ರಕ್ಷಣೆಯುಳ್ಳ ಕೆಲವು ಸಾಧನಗಳನ್ನು ಬಿಟ್ಟರೆ, ವಿದ್ಯುತ್ತು ಹೋದೊಡನೆ ಮೊದಲಿನ ಎರಡೂ ಅಳಿಯುತ್ತವೆ. ಇದಕ್ಕೆ ಕಂಡುಕೊಂಡ ಉಪಾಯವು ಹುಬ್ಬಳ್ಳಿಯ ವರ್ತಕರಿಗೆ ಹೊಸದೇನೂ ಅಲ್ಲ. ಅವರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಯಂತ್ರವೂ ಬದಲಾವಣೆಯನ್ನು ಮೊದಲು ಜರ್ನಲಿನಲ್ಲಿ ಬರೆಯುತ್ತದೆ. ಕೆಲಸ ನಡುವೆ ನಿಂತರೆ ಅದನ್ನೋದಿ ಖಾತೆಯನ್ನು ಸರಿಪಡಿಸುತ್ತದೆ. ಆದರೆ ಕಿರ್ದಿಯೇ ಮಾಧ್ಯಮವನ್ನು ಮುಟ್ಟದಿದ್ದರೆ ಈ ಉಪಾಯವೆಲ್ಲ ನಿಷ್ಫಲ.

ಇಡೀ ಯಂತ್ರವು ಆರಿಹೋದರೆ ನಷ್ಟವಾದುದು ಎಲ್ಲರಿಗೂ ತಿಳಿಯುತ್ತದೆ. ಡಿಸ್ಕು ಮಾತ್ರ ಕ್ಷಣಕಾಲ ವಿದ್ಯುತ್ತನ್ನು ಕಳೆದುಕೊಂಡು ಮತ್ತೆ ಎದ್ದುಬಂದರೆ ವ್ಯವಸ್ಥೆಯು ಅದನ್ನು ಕೇವಲ ಮರುಪ್ರಾರಂಭವೆಂದು ಬಗೆದು ಮುಂದುವರಿಯಬಹುದು. ಆಗ 'ಉಳಿದುದನ್ನೆಲ್ಲ ಮಾಧ್ಯಮಕ್ಕೆ ಇಳಿಸು' ಎಂದು ಆಜ್ಞಾಪಿಸಿದರೆ, ಬರಿದಾದ ತಾತ್ಕಾಲಿಕ ಸ್ಮೃತಿಯ ಡಿಸ್ಕು 'ಆಯಿತು' ಎಂದೇ ಉತ್ತರಿಸುವುದು. ಉತ್ತರ ನಿಜ, ಆದರೆ ಅದರಿಂದ ಹುಟ್ಟುವ ನಂಬಿಕೆ ಸುಳ್ಳು.

ಇದು ಕೇವಲ ತರ್ಕದ ಭೀತಿಯಲ್ಲ. ೨೦೧೮ರಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯದ ನಿರ್ಮಾಪಕರು ಇಂಥದೇ ಒಂದು ದೋಷವನ್ನು ಚರ್ಚೆಗೆ ತಂದರು. ಲಿನಕ್ಸಿನಲ್ಲಿ ಬರವಣಿಗೆ ವಿಫಲವಾದರೆ 'ಎಫ್‌ಸಿಂಕ್' ಎಂಬ ಕರೆಯು ಒಮ್ಮೆ ದೋಷವನ್ನು ತಿಳಿಸುತ್ತಿತ್ತು. ಆ ಪುಟಗಳನ್ನು ಶುದ್ಧವೆಂದು ಗುರುತಿಸಿಬಿಟ್ಟಿದ್ದರಿಂದ ಎರಡನೆಯ ಸಲ ಅದೇ ಕರೆಯು ಸಫಲವೆನ್ನುತ್ತಿತ್ತು. ೨೦೧೯ರಲ್ಲಿ ಪೋಸ್ಟ್‌ಗ್ರೆಸ್ ತನ್ನ ನೀತಿಯನ್ನು ಬದಲಿಸಿ, ಕರೆ ವಿಫಲವಾದೊಡನೆ ಕೆಲಸವನ್ನು ನಿಲ್ಲಿಸಿ ತನ್ನ ಕಿರ್ದಿಯಿಂದಲೇ ಪುನಃ ಆರಂಭಿಸುವ ಕ್ರಮವನ್ನು ಅನುಸರಿಸಿತು. ಈ ಕ್ರಮ ಶ್ಲಾಘ್ಯ. ಆದರೆ ಸಾಕ್ಷಿಯ ದೋಷಕ್ಕೆ ವಾದಿಯು ಪ್ರಾಯಶ್ಚಿತ್ತ ಮಾಡಿಕೊಂಡಂತಾಯಿತು.

ವ್ಯವಸ್ಥೆಯ ಕರ್ತವ್ಯವು ನಮ್ಮ ದೃಷ್ಟಿಯಲ್ಲಿ ಎರಡು ಬಗೆಯದು. ಡಿಸ್ಕು ಸ್ಥಿರತೆಯನ್ನು ದೃಢಪಡಿಸುವವರೆಗೆ ಬರಹದ ಪ್ರತಿಯನ್ನು ಕಾದಿರಿಸಿ, ವಿದ್ಯುತ್ತು ಕಡಿದು ಬಂದುದು ತಿಳಿದೊಡನೆ ಮತ್ತೆ ಬರೆಯತಕ್ಕದ್ದು. ಅದು ಅಸಾಧ್ಯವಾದರೆ, ನಷ್ಟವನ್ನು ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸತಕ್ಕದ್ದು. ಇದರಿಂದ ಸ್ಮೃತಿಯ ಭಾರ ಹೆಚ್ಚುವುದೆಂಬ, ಕೆಟ್ಟುಹೋದ ಡಿಸ್ಕಿಗಾಗಿ ಪ್ರತಿಗಳನ್ನು ಕೊನೆಯಿಲ್ಲದೆ ಕಾಯಲಾಗದೆಂಬ ಆಕ್ಷೇಪಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅವು ಪ್ರತಿಯನ್ನು ಬಿಟ್ಟುಕೊಡುವುದಕ್ಕೆ ಕಾರಣವಾದಾವೇ ಹೊರತು ಮೌನಕ್ಕಲ್ಲ. ತ್ರುಟಿತವಾದ ಶಾಸನವು ತನ್ನ ತ್ರುಟಿಯನ್ನು ತಾನೇ ತೋರಿಸುತ್ತದೆ. ಓದುವವನು ಅಲ್ಲಿ ಎಚ್ಚರಗೊಳ್ಳುತ್ತಾನೆ. ಅಷ್ಟು ಪ್ರಾಮಾಣಿಕತೆಯನ್ನಾದರೂ ಯಂತ್ರದಿಂದ ಅಪೇಕ್ಷಿಸುವುದು ಅತಿಯಾಗಲಾರದು.