ಅಪಾಚೆಯಿಂದ ಟಾಮ್‌ಕ್ಯಾಟ್‌ಗೆ ಯಾವ ದಾರಿ?

ಕಾರ್ಕಳದಿಂದ ಉಡುಪಿಗೆ ಹೊರಟವರ ಮುಂದೆ ಎರಡು ದಾರಿ. ಬೈಲೂರು, ಹಿರಿಯಡಕ, ಪರ್ಕಳ ದಾಟಿ ಮಣಿಪಾಲದಿಂದ ಇಳಿದರೆ ಹತ್ತಿರ. ನಿಟ್ಟೆ, ಬೆಳ್ಮಣ್ ಆಗಿ ಪಡುಬಿದ್ರಿಯಲ್ಲಿ ಹೆದ್ದಾರಿ ಹಿಡಿದು ಕಾಪು ಮೇಲೆ ಬಂದರೆ ಸುತ್ತು. ಆದರೆ ಊರಿಗೆ ಹೊಸಬನೂ ಯಾರನ್ನೂ ಕೇಳದೆ ಬಂದು ಮುಟ್ಟುತ್ತಾನೆ. ಅಪಾಚೆಯಂಥ ವೆಬ್ ಸರ್ವರಿನಿಂದ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರಿಗೂ ಇಂಥ ಎರಡು ದಾರಿಗಳಿವೆ. ಒಳದಾರಿ ಎಜೆಪಿ ಎಂಬ ಪ್ರೋಟೊಕಾಲ್, ಹೆದ್ದಾರಿ ಎಚ್‌ಟಿಟಿಪಿ. ಒಳದಾರಿಯ ರುಚಿ ಬಲ್ಲವನಾಗಿಯೂ ಈ ವಾರ ನಾನು ಹೆದ್ದಾರಿಯ ಪರ.

ಅದಕ್ಕೂ ಮೊದಲು, ಟಾಮ್‌ಕ್ಯಾಟ್‌ನ ಮುಂದೆ ಇನ್ನೊಂದು ಸರ್ವರ್ ಬೇಕೇ? ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಟಾಮ್‌ಕ್ಯಾಟ್ ತಾನೇ ಎಚ್‌ಟಿಟಿಪಿಎಸ್ ನಿಭಾಯಿಸುತ್ತದೆ, ಚಿತ್ರಗಳನ್ನೂ ಚುರುಕಾಗಿಯೇ ಕೊಡುತ್ತದೆ. ಆದರೂ ಅಪಾಚೆಯನ್ನೋ ಎಂಜಿನ್‌ಎಕ್ಸನ್ನೋ ಮುಂದೆ ಕೂರಿಸಲು ಗಟ್ಟಿ ಕಾರಣಗಳಿವೆ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ವಿಶೇಷ ಅಧಿಕಾರ ಬೇಕು. ಎಚ್‌ಟಿಟಿಪಿಎಸ್‌ನ 443ನ್ನು ಅಪಾಚೆ ಹಿಡಿದುಕೊಂಡರೆ ಟಾಮ್‌ಕ್ಯಾಟ್ ಸಾಮಾನ್ಯ ಬಳಕೆದಾರನ ಹೆಸರಿನಲ್ಲೇ 8080ರಲ್ಲಿ ಓಡುತ್ತದೆ. ಪಿಎಚ್‌ಪಿ ಸೈಟೂ ಜಾವಾ ಆ್ಯಪ್ಪೂ ಒಂದೇ ವಿಳಾಸದಡಿ ಬಾಳುತ್ತವೆ. ಹೊಸ ವಾರ್ ಫೈಲ್ ಹಾಕಿ ಟಾಮ್‌ಕ್ಯಾಟನ್ನು ಮತ್ತೆ ಎಬ್ಬಿಸುವಷ್ಟು ಹೊತ್ತು, ಬಂದವರಿಗೆ ‘ಸ್ವಲ್ಪ ಬಿಟ್ಟು ಬನ್ನಿ’ ಎನ್ನಲು ಬಾಗಿಲಲ್ಲಿ ಒಬ್ಬರಿರುತ್ತಾರೆ.

ಒಳದಾರಿಗೆ ಚರಿತ್ರೆಯಿದೆ. ಎಜೆಪಿ ಟಾಮ್‌ಕ್ಯಾಟ್‌ಗಿಂತ ಹಿರಿಯದು. ಜೆಸರ್ವ್ ಎಂಬ ಹಳೆಯ ಸರ್ವ್‌ಲೆಟ್ ಎಂಜಿನ್‌ನ ಕಾಲದ್ದು. 1999ರಲ್ಲಿ ಸನ್ ಕಂಪನಿ ತನ್ನ ಸರ್ವ್‌ಲೆಟ್ ಕೋಡನ್ನು ಅಪಾಚೆ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟಿತು. ಟಾಮ್‌ಕ್ಯಾಟ್ ಹುಟ್ಟಿತು, ಅಪಾಚೆಯನ್ನು ಅದಕ್ಕೆ ಎಜೆಪಿಯಲ್ಲಿ ಜೋಡಿಸುವ ಮಾಡ್-ಜೆಕೆ ಜೊತೆಯಾಗಿ ಬೆಳೆಯಿತು. ಅದನ್ನು ಮೀರಿಸಲು ಹೊರಟ ಮಾಡ್-ಜೆಕೆ2ಕ್ಕೆ 2004ರ ನವೆಂಬರ್‌ನಲ್ಲಿ ಬೆಂಬಲ ನಿಂತುಹೋಯಿತು, ಹಳೆಯದೇ ಬಾಳಿತು. 2005ರ ಕೊನೆಗೆ ಬಂದ ಅಪಾಚೆ 2.2ರಲ್ಲಿ ಅದೇ ಕೆಲಸದ ಮಾಡ್-ಪ್ರಾಕ್ಸಿ-ಎಜೆಪಿ ಒಳಗೇ ಇತ್ತು. ಬೇರೆಯಾಗಿ ಕಂಪೈಲ್ ಮಾಡುವ ತಾಪತ್ರಯ ತಪ್ಪಿತು.

ಎಜೆಪಿಯ ಸೊಗಸೆಲ್ಲ ಅದರ ಜಿಪುಣತನದಲ್ಲಿದೆ. ಬ್ರೌಸರಿನ ‘ಗೆಟ್’ ಅಲ್ಲಿ ಬರೇ 2, ‘ಪೋಸ್ಟ್’ 4. ‘ಹೋಸ್ಟ್’, ‘ಅಕ್ಸೆಪ್ಟ್’ ಮುಂತಾಗಿ ಪದೇ ಪದೇ ಬರುವ ಹೆಡರ್ ಹೆಸರುಗಳಿಗೆ ಎರಡೆರಡು ಬೈಟಿನ ಸಂಕೇತ. ಅಪಾಚೆ ಕಳಿಸುವ ಪ್ಯಾಕೆಟ್ಟು ಹೆಕ್ಸ್ 1234ರಿಂದ ಶುರುವಾದರೆ, ಟಾಮ್‌ಕ್ಯಾಟ್‌ನ ಉತ್ತರ ‘ಎ’, ‘ಬಿ’ ಎಂಬ ಎರಡಕ್ಷರದಿಂದ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಬಂದವರ ನಿಜವಾದ ಐಪಿ ವಿಳಾಸ ಯಾವುದು, ಅವರು ಎಚ್‌ಟಿಟಿಪಿಎಸ್‌ನಲ್ಲಿ ಬಂದರೇ ಎಂಬ ವಿವರವೆಲ್ಲ ಹೇಳಿಸಿಕೊಳ್ಳದೆಯೇ ಒಳಗೆ ತಲುಪುತ್ತದೆ.

ಆದರೆ ಎಜೆಪಿ ತನ್ನೊಡನೆ ಮಾತಾಡುವವರನ್ನು ಕಣ್ಣು ಮುಚ್ಚಿ ನಂಬುತ್ತದೆ. ಅದರ ಬೆಲೆ ಗೊತ್ತಾದದ್ದು 2020ರ ಫೆಬ್ರುವರಿಯಲ್ಲಿ, ‘ಘೋಸ್ಟ್‌ಕ್ಯಾಟ್’ ದೋಷ ಬಯಲಾದಾಗ. ಎಜೆಪಿಯ ಪೋರ್ಟ್ 8009 ಹೊರಗೆ ಕಾಣುವಂತಿದ್ದರೆ ಯಾರು ಬೇಕಾದರೂ ಆ್ಯಪ್ಪಿನ ವೆಬ್-ಇನ್ಫ್ ಫೋಲ್ಡರಿನ ಫೈಲುಗಳನ್ನು ಓದಬಹುದಿತ್ತು. ಡೇಟಾಬೇಸಿನ ಪಾಸ್‌ವರ್ಡನ್ನು ಅನೇಕರು ಬರೆದಿಡುವುದೂ ಅಲ್ಲೇ. ಅಲ್ಲಿಯವರೆಗೆ ಆ ಬಾಗಿಲು ತಾನಾಗಿ ತೆರೆದಿರುತ್ತಿತ್ತು. ಟಾಮ್‌ಕ್ಯಾಟ್‌ನ 9.0.31, 8.5.51, 7.0.100 ಆವೃತ್ತಿಗಳಿಂದೀಚೆ ಅದು ಮುಚ್ಚಿರುತ್ತದೆ. ತೆರೆದರೂ ಅದೇ ಯಂತ್ರದೊಳಗಿನವರಿಗೆ ಮಾತ್ರ, ಅದೂ ಎರಡೂ ಕಡೆ ಒಂದೇ ಗುಟ್ಟಿನ ಪದ ಇದ್ದರೆ. ಇನ್ನೆರಡು ಕೊರತೆ: ಎಜೆಪಿಗೆ ಎನ್‌ಕ್ರಿಪ್ಶನ್ ಇಲ್ಲ, ವೆಬ್‌ಸಾಕೆಟ್ ಅದರ ಮೂಲಕ ಹಾಯುವುದಿಲ್ಲ.

ಹೆದ್ದಾರಿಯಲ್ಲೂ ಎಚ್ಚರ ಬೇಕು. ಅಪಾಚೆಯಲ್ಲಿ ಪ್ರಾಕ್ಸಿಪಾಸ್, ಪ್ರಾಕ್ಸಿಪಾಸ್‌ರಿವರ್ಸ್ ಎಂಬ ಎರಡು ಸಾಲು ಬರೆದರೆ ಪುಟ ತೆರೆದುಕೊಳ್ಳುತ್ತದೆ. ಕೆಲಸ ಮುಗಿಯಿತೆಂದು ಜನ ಎದ್ದುಹೋಗುವುದೂ ಅಲ್ಲಿಗೇ. ಮಾರನೆಯ ದಿನ ಟಾಮ್‌ಕ್ಯಾಟ್‌ನ ಲಾಗ್ ನೋಡಿದರೆ ಬಂದವರೆಲ್ಲರ ವಿಳಾಸವೂ 127.0.0.1. ಲಾಗಿನ್ ಆದವರನ್ನು ಆ್ಯಪ್ಪು ಎಚ್‌ಟಿಟಿಪಿಎಸ್ ಬಿಟ್ಟು ಎಚ್‌ಟಿಟಿಪಿಗೆ ಅಟ್ಟುವುದೂ ಉಂಟು. ಇದಕ್ಕೆ ಮದ್ದು ಎರಡು ಹೆಡರು: ಬಂದವರ ಐಪಿ ಹೇಳುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು ಅಪಾಚೆ ತಾನೇ ಸೇರಿಸುತ್ತದೆ, ಎಚ್‌ಟಿಟಿಪಿಎಸ್ ಎಂದು ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರನ್ನು ನೀವೇ ಸೇರಿಸಬೇಕು. ಎಂಜಿನ್‌ಎಕ್ಸ್‌ನಲ್ಲಿ ಎರಡನ್ನೂ ಬರೆಯಬೇಕು. ಅವನ್ನು ಓದಲು ಟಾಮ್‌ಕ್ಯಾಟ್ ಕಡೆ ರಿಮೋಟ್‌ಐಪಿವಾಲ್ವ್ ಹಾಕಬೇಕು. ಅದಾದ ಮೇಲೂ ಲಾಗ್ ಸರಿಯಾಗದಿದ್ದರೆ ಆಕ್ಸೆಸ್‌ಲಾಗ್‌ವಾಲ್ವ್‌ನಲ್ಲಿ ರಿಕ್ವೆಸ್ಟ್‌ಆಟ್ರಿಬ್ಯೂಟ್ಸ್‌ಎನೇಬಲ್ಡ್ ಎಂಬುದನ್ನು ‘ಟ್ರೂ’ ಮಾಡಿ. ತಲೆ ಕೆಡಿಸಿಕೊಳ್ಳುವವರು ಹೆಚ್ಚಾಗಿ ಈ ಒಂದು ಪದ ಬಿಟ್ಟವರೇ.

ಇಷ್ಟೆಲ್ಲ ಕಿರಿಕಿರಿ ಇದ್ದೂ ಎಚ್‌ಟಿಟಿಪಿಯೇ ಏಕೆ? ನಮ್ಮ ಜಿಲ್ಲೆಯ ಸ್ಥಿತಿಯೇ ಅದಕ್ಕೆ ಉತ್ತರ. 1957ರ ಮಣಿಪಾಲದ ಎಂಐಟಿ, 1986ರ ನಿಟ್ಟೆ ಎಂಜಿನಿಯರಿಂಗ್ ಕಾಲೇಜು ವರ್ಷವರ್ಷವೂ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತವೆ. 1996ರಲ್ಲಿ ಉಡುಪಿಯಲ್ಲೇ ಹುಟ್ಟಿದ ರೋಬೋಸಾಫ್ಟ್‌ನಂಥ ಕಂಪನಿಗಳಲ್ಲಿ ಕೆಲವರು ನಿಲ್ಲುತ್ತಾರೆ, ಬಹಳ ಮಂದಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಸರ್ವರ್ ಕಟ್ಟಿದವರು ಹೋಗುತ್ತಾರೆ, ಸರ್ವರ್ ಇಲ್ಲೇ ಉಳಿಯುತ್ತದೆ. ರಾತ್ರಿ ಅದು ಕೆಟ್ಟಾಗ ಎದುರು ಕೂರುವವರಿಗೆ ಅದರ ಮಾತು ಓದಲು ಬರಬೇಕು. ಎಚ್‌ಟಿಟಿಪಿಯಾದರೆ ಕರ್ಲ್‌ನಿಂದ ನೇರ 8080ಕ್ಕೆ ಒಂದು ಕೋರಿಕೆ ಕಳಿಸಿ, ತಪ್ಪು ಅಪಾಚೆಯದೋ ಟಾಮ್‌ಕ್ಯಾಟ್‌ನದೋ ಎಂದು ಕೂಡಲೇ ಹೇಳಬಹುದು. ಎಜೆಪಿಯ ಬೈಟುಗಳು ಬರಿಗಣ್ಣಿಗೆ ದಕ್ಕುವುದಿಲ್ಲ. ಅದು ಉಳಿಸಿಕೊಡುವ ನಾಲ್ಕು ಬೈಟಿಗಿಂತ ಈ ಓದುವ ಸುಖ ದೊಡ್ಡದು.

ಇನ್ನು ನನ್ನ ತೀರ್ಪು. ಕಾಪುವಿನ ಸೊಸೈಟಿಯೊಂದರಲ್ಲಿ ಮಾಡ್-ಜೆಕೆ ಹತ್ತು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ ಎನ್ನಿ. ಅದನ್ನು ಕೆದಕಬೇಡಿ, ಟಾಮ್‌ಕ್ಯಾಟ್ ಆವೃತ್ತಿಯನ್ನೂ ಗುಟ್ಟಿನ ಪದವನ್ನೂ ಮಾತ್ರ ಸರಿಮಾಡಿ. ಕಾರ್ಕಳದ ಕಾಲೇಜಿನ ಫಲಿತಾಂಶದ ಪುಟಕ್ಕೆ ಅಪಾಚೆಯ ಮಾಡ್-ಪ್ರಾಕ್ಸಿ ಮೂಲಕ ಎಚ್‌ಟಿಟಿಪಿ ಸಾಕು. ಟಾಮ್‌ಕ್ಯಾಟ್ ಮಾಮೂಲಿಗೆ 200 ಥ್ರೆಡ್‌ಗಳಿಗೆ ನಿಲ್ಲುತ್ತದೆ ಎಂಬುದು ಫಲಿತಾಂಶದ ಹಿಂದಿನ ದಿನವೇ ನೆನಪಿರಲಿ. ಮಣಿಪಾಲದಲ್ಲಿ ಹೊಸದಾಗಿ ಕಟ್ಟುವವರಿಗೆ, ಅದರಲ್ಲೂ ಚಾಟ್, ಲೈವ್ ಸ್ಕೋರ್ ಬೇಕೆನ್ನುವವರಿಗೆ, ಎಂಜಿನ್‌ಎಕ್ಸ್ ಮತ್ತು ಎಚ್‌ಟಿಟಿಪಿ.

ಯಾವ ದಾರಿ ಹಿಡಿದರೂ, ಇವತ್ತು ಸಂಜೆ ಹೊರಗಿನ ಯಾವುದಾದರೂ ಯಂತ್ರದಿಂದ ನಿಮ್ಮ ಸರ್ವರಿನ 8009, 8080 ಎರಡನ್ನೂ ತಟ್ಟಿ ನೋಡಿ. ಉತ್ತರ ಬಂದರೆ ಆಯ್ಕೆಯ ಚರ್ಚೆ ಆಮೇಲಿರಲಿ. ಮೊದಲು ಫೈರ್‌ವಾಲ್ ಹಾಕಿ.