ಅಂತರಜಾಲದ ರಫ್ತೂ ಸೀಮೆಯ ಅಭ್ಯುದಯವೂ: ಗೌಡಗೆರೆಯ ಕಡೆಯಿಂದ ಒಂದು ಪರಾಮರ್ಶೆ

ಅಂತರಜಾಲದ ಮೂಲಕ ಪರದೇಶದ ಗಿರಾಕಿಗೆ ನೇರವಾಗಿ ಸರಕು ಮಾರುವ ಪದ್ಧತಿಯು ಹಿಂದುಳಿದ ಪ್ರದೇಶಗಳನ್ನು ಮೇಲೆತ್ತುವುದೆಂಬ ವಾದವು ಈಚೆಗೆ ಪ್ರಬಲವಾಗಿದೆ. ಕೇಂದ್ರ ಸರ್ಕಾರವು 2023ನೆಯ ಮಾರ್ಚ್ 31ರಂದು ಪ್ರಕಟಿಸಿದ ವಿದೇಶ ವ್ಯಾಪಾರ ನೀತಿಯು ಒಂಬತ್ತನೆಯ ಅಧ್ಯಾಯವನ್ನು ಈ ವಿಷಯಕ್ಕೆಂದೇ ಮೀಸಲಿಟ್ಟಿತು. ಕೊರಿಯರ್ ಮೂಲಕ ಕಳುಹಿಸುವ ಒಂದೊಂದು ರವಾನೆಯ ಮೌಲ್ಯಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. 2024ರ ಜುಲೈ ಮುಂಗಡಪತ್ರದಲ್ಲಿ ಖಾಸಗಿ ಸಹಭಾಗಿತ್ವದ ರಫ್ತು ಕೇಂದ್ರಗಳು ಘೋಷಿತವಾದುವು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಸಂಖ್ಯೆಯಂತೂ ದೇಶದಲ್ಲಿ 1,000ವನ್ನು ಮೀರಿದೆ. ಉದ್ದೇಶವು ಸ್ತುತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ವಾದದಲ್ಲಿ ಕಾರಣವೂ ಕಾರ್ಯವೂ ಸ್ಥಾನ ಬದಲಿಸಿಕೊಂಡಿವೆಯೆಂದು ನಮ್ಮ ಅಭಿಪ್ರಾಯ. ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯನ್ನೂ ಅದರ ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೂ ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸುತ್ತೇವೆ.

ವಾದಕ್ಕೆ ಬಹುಮಟ್ಟಿನ ಆಧಾರ ಬಂದಿರುವುದು ಚೀನ ದೇಶದಿಂದ. ಅಲ್ಲಿ 2015ರಲ್ಲಿ ಹಾಂಗ್‌ಝೌ ನಗರವು ಇಂಥ ವ್ಯಾಪಾರದ ಮೊದಲನೆಯ ಪ್ರಯೋಗವಲಯವಾಯಿತು. 2022ರ ಕೊನೆಗೆ ವಲಯಗಳು 165ಕ್ಕೆ ಏರಿದುವು. ವಲಯವೆನಿಸಿದ ನಗರಗಳನ್ನು ಎನಿಸದ ನಗರಗಳೊಡನೆ ಹೋಲಿಸಿ, ವರಮಾನದಲ್ಲಿ ಕಂಡ ಅಂತರವನ್ನು ಅಂತರಜಾಲದ ರಫ್ತಿನ ಫಲವೆಂದು ಎಣಿಸುವುದು ಅರ್ಥಶಾಸ್ತ್ರಜ್ಞರಲ್ಲಿ ರೂಢಿಯಾಗಿದೆ. ಆದರೆ ಈ ಪದವಿಯನ್ನು ಚೀಟಿ ಎತ್ತಿ ಹಂಚಿದುದಲ್ಲ. ಮೊದಮೊದಲು ಅದನ್ನು ಪಡೆದವು ಆಗಲೇ ಮುಂದುವರಿದಿದ್ದ ನಗರಗಳು. ಒಳನಾಡಿನ ಪಟ್ಟಣವಾದ ಯಿವುವನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಚಿಲ್ಲರೆ ಸರಕಿನ ಪೇಟೆಯು ತೆರೆದುದು 1982ರಲ್ಲಿ, ಎಂದರೆ ಅಂತರಜಾಲದ ಮಾರಾಟಕ್ಕಿಂತ ಬಹಳ ಮೊದಲು. ಸರಕನ್ನು ವಿಂಗಡಿಸುವವರು, ಪೊಟ್ಟಣ ಕಟ್ಟುವವರು, ಕಡ ಕೊಡುವವರು ಒಂದೆಡೆ ನೆರೆದ ಮೇಲೆ ಅಂತರಜಾಲವು ಅವರಿಗೆ ದೂರದ ಗಿರಾಕಿಗಳನ್ನು ತಂದುಕೊಟ್ಟಿತು. ಪೇಟೆಯನ್ನು ಅದು ಹುಟ್ಟಿಸಲಿಲ್ಲ.

ಶಿರಾ ಸೀಮೆಗೆ ದೂರದ ವ್ಯಾಪಾರವು ಹೊಸದೇನಲ್ಲ. 1687ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಪಟ್ಟಣ ಅದು. ಇಂದು ಬೆಂಗಳೂರು–ಪುಣೆ ಹೆದ್ದಾರಿಯು ಅದನ್ನು ಹಾದುಹೋಗುತ್ತದೆ. ಆದರೆ ದಾರಿಯಿದ್ದ ಮಾತ್ರಕ್ಕೆ ದಾರಿಯ ಲಾಭವು ಊರಿನಲ್ಲಿ ನಿಲ್ಲುವುದಿಲ್ಲ. ಹುಣಸೆಯನ್ನೇ ನೋಡೋಣ. ಮಳೆ ಕಡಿಮೆಯಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಲದ ಬದುಗಳಲ್ಲಿಯೂ ತೋಪುಗಳಲ್ಲಿಯೂ ಶೇಂಗಾ, ರಾಗಿಗಳ ನಡುವೆ ನಿಂತಿರುವ ಮರವದು. ಹಣ್ಣು ಮಾಗುವ ಮುನ್ನವೇ ಎಷ್ಟೋ ಮರಗಳ ಫಸಲನ್ನು ಗುತ್ತಿಗೆದಾರರು ಒಪ್ಪಂದಕ್ಕೆ ಹಿಡಿದಿರುತ್ತಾರೆ. ಬಡಿದು ಉದುರಿಸಿದ ಮೇಲೆ ಸಿಪ್ಪೆ, ನಾರು, ಬೀಜಗಳನ್ನು ಬಿಡಿಸುವ ಕೆಲಸ ಹೆಂಗಸರದು. ಕೂಲಿಯು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ. ಅಲ್ಲಿಂದ ಹಣ್ಣು ತುಮಕೂರಿನ ಮಂಡಿಗೆ ಹೋಗುತ್ತದೆ, ಇಲ್ಲವೆ ಗಡಿ ದಾಟಿ ಆಂಧ್ರಪ್ರದೇಶದ ಹಿಂದೂಪುರಕ್ಕೆ. ದರ್ಜೆ ನಿಶ್ಚಯವಾಗುವುದು ಅಲ್ಲಿ. ಶೀತಲ ಉಗ್ರಾಣಗಳಲ್ಲಿ ಬೆಲೆ ಏರುವವರೆಗೆ ಹಣ್ಣು ಕಾಯುವುದೂ ಅಲ್ಲಿಯೇ. ಬಳಿಕ ಬೇರೊಂದು ನಗರದಲ್ಲಿ ಪೊಟ್ಟಣವಾಗಿ, ಬೇರೊಬ್ಬರ ಹೆಸರಿನಲ್ಲಿ, ಅಂತರಜಾಲದ ಅಂಗಡಿಯಲ್ಲಿ ಪರದೇಶದ ಭಾರತೀಯ ಸಂಸಾರಕ್ಕೆ ಅದು ಮಾರಾಟವಾಗುತ್ತದೆ. ಅಂಗಡಿಯಲ್ಲಿ ಎಷ್ಟು ಬೆಲೆ ಬಂದರೂ ಬೀಜ ಬಿಡಿಸಿದವಳ ಕೂಲಿಯು ಆ ಬೆಲೆಗೆ ಎಲ್ಲಿಯೂ ಗಂಟುಬಿದ್ದಿಲ್ಲ. ಹುಣಸೆಬೀಜದ ಪುಡಿಯು ನೂಲಿಗೆ ಗಂಜಿ ಹಾಕಲು ಬರುವ ವಾಣಿಜ್ಯ ಸರಕು. ಆದರೆ ಬೀಜವೂ ಹಣ್ಣಿನೊಡನೆಯೇ ಊರು ಬಿಡುತ್ತದೆ.

ಈ ಹಣ್ಣು ರಫ್ತಿನ ಲೆಕ್ಕದಲ್ಲಿ ಯಾವ ಊರಿನದಾಗಿ ಕಾಣುತ್ತದೆ? ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ತೊಡಕು. ಸುಂಕದ ಶಾಸನವು ಸುಂಕ ತೆತ್ತ ಸ್ಥಳವನ್ನು ತಿಳಿಸುತ್ತದೆ, ಸರಕು ಹುಟ್ಟಿದ ಹಟ್ಟಿಯನ್ನಲ್ಲ. 2020ನೆಯ ಫೆಬ್ರವರಿ 15ರಿಂದ ಕಸ್ಟಮ್ಸ್ ಇಲಾಖೆಯು ರಫ್ತಿನ ಷಿಪ್ಪಿಂಗ್ ಬಿಲ್ಲಿನಲ್ಲಿ ಸರಕಿನ ಮೂಲ ರಾಜ್ಯವನ್ನೂ ಜಿಲ್ಲೆಯನ್ನೂ ಬರೆಯುವುದನ್ನು ಕಡ್ಡಾಯ ಮಾಡಿತು. ಒಳ್ಳೆಯ ಸುಧಾರಣೆಯೇ ಸರಿ. ಆದರೆ ನಾಲ್ಕು ಕಡೆಯ ಹಣ್ಣು ಬೆರೆತ ರಾಶಿಯನ್ನು ಹಿಂದೂಪುರದಲ್ಲಿ ಕೊಂಡ ವರ್ತಕನು ಪಾವಗಡದ ಪಾಲನ್ನು ಹೇಗೆ ಬೇರ್ಪಡಿಸಿಯಾನು? ಇನ್ನು ಜಿಲ್ಲೆಯೆಂಬ ಅಳತೆಗೋಲು ತಾನೇ ದೊಡ್ಡದು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ತುಮಕೂರು ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ತೆಂಗು. ಕೊಬ್ಬರಿಯ ಪೇಟೆಯಿರುವ ತಿಪಟೂರಿಗೆ ಇದು ಒಪ್ಪುವ ಆಯ್ಕೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡಕ್ಕೆ ಇದರಿಂದೇನು? ನಾಳೆ ಕೊಬ್ಬರಿ ಪುಡಿಯ ರಫ್ತು ಇಮ್ಮಡಿಸಿದರೆ ಕೋಷ್ಟಕದಲ್ಲಿ ಗೌಡಗೆರೆಯೂ ಬೆಳೆದಂತೆಯೇ ತೋರುತ್ತದೆ, ಮತ್ತು ಬೆಳೆದ ಊರಿಗೆ ಹೊಸ ನೆರವು ಬೇಡವೆಂಬ ತೀರ್ಮಾನಕ್ಕೆ ಅದೇ ಕೋಷ್ಟಕವು ಆಧಾರವಾಗಬಹುದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಂಪನಿಯ ನೌಕರ; ಅವನ ಪ್ರಯೋಜನವು ಕಂಪನಿಯ ಪ್ರಯೋಜನ. ಆದರೂ 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆಳೆ, ಕೂಲಿ, ನೇಯ್ಗೆ, ವ್ಯಾಪಾರಗಳ ವಿಚಾರಣೆಯು ಸ್ಥಳಸ್ಥಳಕ್ಕೂ ಬೇರೆಯಾಗಿ ನಡೆದಿದೆ. ನಮ್ಮ ನಮೂನೆಗಳು ಅಷ್ಟನ್ನೂ ಕೇಳುವುದಿಲ್ಲವೆಂಬುದು ಸೋಜಿಗ.

ಇನ್ನೊಂದು ಆಕ್ಷೇಪವುಂಟು. ಅಂತರಜಾಲದ ಚಿಲ್ಲರೆ ರಫ್ತು ಬಹುಮಟ್ಟಿಗೆ ಪರದೇಶದ ಕಾನೂನಿನ ಒಂದು ಸಡಿಲಿಕೆಯ ಮೇಲೆ ನಿಂತಿತ್ತು. ಅಮೆರಿಕವು 2016ರಲ್ಲಿ ಸುಂಕವಿಲ್ಲದೆ ಒಳಬರಬಹುದಾದ ರವಾನೆಯ ಮಿತಿಯನ್ನು 200 ಡಾಲರಿನಿಂದ 800 ಡಾಲರಿಗೆ ಏರಿಸಿತ್ತು. 2025ನೆಯ ಆಗಸ್ಟ್ 29ರಂದು ಆ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ರದ್ದುಮಾಡಿತು. ನಮ್ಮ ಅಂಚೆ ಇಲಾಖೆಯು ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೋಗುವ ಸರಕಿನ ಪೊಟ್ಟಣಗಳನ್ನು ಬಹುಮಟ್ಟಿಗೆ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಏಳು ವಾರ ದೊಡ್ಡ ವರ್ತಕನಿಗೆ ಒಂದು ಅಡಚಣೆ ಮಾತ್ರ. ಸಾಲ ತಂದು ಸರಕು ಕಟ್ಟಿಟ್ಟ ಸಣ್ಣ ಸಂಘಕ್ಕೆ ಅದು ಬಡ್ಡಿಯ ಏಳು ವಾರ.

ಹಾಗಾದರೆ ಅಂತರಜಾಲವೇ ಬೇಡವೆಂದು ನಾವು ಹೇಳುವುದೆ? ಇಲ್ಲ. ದಲ್ಲಾಳಿಯನ್ನು ದಾಟಿ ಗಿರಾಕಿಯನ್ನು ತಲಪುವ ಸೌಕರ್ಯವು ಅಲ್ಪವಲ್ಲ. ಅಂಚೆಯ ಕೇಂದ್ರವು ಸಣ್ಣ ಪಟ್ಟಣಕ್ಕೆ ಬಂದುದೂ ಒಳ್ಳೆಯದೇ. ನಮ್ಮ ತಕರಾರು ಕ್ರಮದ ವಿಷಯದಲ್ಲಿ. ಫಸಲಿಗೆ ಮುನ್ನ ಗುತ್ತಿಗೆದಾರನಿಗೆ ಬದಲು ಸಹಕಾರ ಸಂಘವು ಮುಂಗಡ ಕೊಡುವುದು, ದರ್ಜೆ ನಿಶ್ಚಯಿಸುವ ಸ್ಥಳವು ಶಿರಾ ಅಥವಾ ಮಧುಗಿರಿಯಲ್ಲಿಯೇ ಇರುವುದು, ಹಣ್ಣು ಕೆಡದಂತೆ ಕಾಯುವ ಉಗ್ರಾಣವು ಸಮೀಪದಲ್ಲಿರುವುದು, ಬೀಜವನ್ನು ಇಲ್ಲಿಯೇ ಪುಡಿಮಾಡುವುದು: ಇವು ಮೊದಲು ಆಗಬೇಕಾದುವು. ರಫ್ತಿನ ಪರವಾನಗಿ ಸಂಖ್ಯೆಯನ್ನು ಪಡೆಯುವುದು ಇವುಗಳಿಗೆ ಹೋಲಿಸಿದರೆ ಸುಲಭ. ಹೊಸ ರಫ್ತು ಕೇಂದ್ರಗಳಿಗೆ ಸ್ಥಳ ಆರಿಸುವವರು ಬಂದರಿನ, ವಿಮಾನನಿಲ್ದಾಣದ ದೂರವನ್ನು ಅಳೆಯುತ್ತಾರೆ. ಹುಣಸೆಯ ಬೀಜ ಬಿಡಿಸುವ ಜಗಲಿಯಿಂದ ಕೇಂದ್ರವು ಎಷ್ಟು ದೂರವೆಂಬುದನ್ನೂ ಅವರು ಅಳೆಯಬೇಕೆಂದು ನಾವು ಕೇಳುತ್ತೇವೆ.